ಬೆಳಗಾವಿ ಗುಣಾಂಕ

ಕಬ್ಬಿಣದಲ್ಲೂ ಮೈಗಳ್ಳರು ಇರುತ್ತಾರೆ ಎಂಬುದನ್ನು ಮೊದಲು ಪತ್ತೆಹಚ್ಚಿದ್ದು ತ್ವಷ್ಟಾ ಎಂಬ ಕಂಪ್ಯೂಟರು. ವಾಹನದ ಯಾವುದೇ ಬಿಡಿಭಾಗದ ನಕ್ಷೆಯನ್ನು ಅದರ ಮುಂದಿಟ್ಟರೆ ಸಾಕು, ಆ ಭಾಗವನ್ನು ಸಾಸಿವೆಗಿಂತ ಸಣ್ಣ ಲಕ್ಷಾಂತರ ತುಣುಕುಗಳಾಗಿ ಲೆಕ್ಕದಲ್ಲೇ ಕತ್ತರಿಸಿ, ಗಾಡಿ ಗುಂಡಿಗೆ ಬಿದ್ದಾಗ, ಬ್ರೇಕು ಒತ್ತಿದಾಗ, ತಿರುವಿನಲ್ಲಿ ವಾಲಿದಾಗ ಯಾವ ತುಣುಕು ಎಷ್ಟು ಭಾರ ಹೊರುತ್ತದೆ ಎಂದು ಒಂದೊಂದನ್ನೂ ವಿಚಾರಿಸುತ್ತಿತ್ತು. ಹೊರುವ ತುಣುಕುಗಳು ಉಳಿಯುತ್ತಿದ್ದವು. ಮದುವೆ ಮನೆಗೆ ಬಂದು ಒಂದು ಕೊಡ ನೀರನ್ನೂ ಎತ್ತದೆ ಉಂಡು ಹೋಗುವ ನೆಂಟರ ಹಾಗೆ ಸುಮ್ಮನೆ ಕೂತವನ್ನು ತ್ವಷ್ಟಾ ಮುಲಾಜಿಲ್ಲದೆ ಹೊರಗೆ ಹಾಕುತ್ತಿತ್ತು. ಈ ವಿಚಾರಣೆ ಸಾವಿರಾರು ಸಲ ನಡೆದು ಕೊನೆಗೆ ಉಳಿದ ಆಕಾರ ಮನುಷ್ಯರು ಗೆರೆ ಎಳೆದು ಮಾಡಿದಂತೆ ಕಾಣುತ್ತಿರಲಿಲ್ಲ. ಯಾವುದೋ ಪ್ರಾಣಿಯ ಮೂಳೆಯಂತೆ ಕಾಣುತ್ತಿತ್ತು.

ಬ್ಯಾಟರಿಗೆ ಬೇಕಾದ ಲೋಹಗಳು ಜಗತ್ತಿನಲ್ಲಿ ತೀರುತ್ತ ಬಂದ ಕಾಲ ಅದು. ಈ ವರ್ಷದ ಗಾಡಿ ಹೋದ ವರ್ಷದ ಗಾಡಿಗಿಂತ ಹಗುರವಾಗಿರಲೇಬೇಕು ಎಂದು ಸರ್ಕಾರ ಕಾಯಿದೆ ಮಾಡಿತ್ತು. ಹಾಗಾಗಿ ಬೆಳಗಾವಿಯ ಉದ್ಯಮಬಾಗ ಎಂಬ ಕೈಗಾರಿಕಾ ಬಡಾವಣೆಯ ಗಾಡಿ ಕಂಪನಿಯೊಂದರಲ್ಲಿ ತ್ವಷ್ಟಾ ಬಿಡುವಿಲ್ಲದೆ ಕೆತ್ತುತ್ತಲೇ ಇತ್ತು. ಕೆತ್ತಿದ ಆಕಾರ ನೇರವಾಗಿ ಮರಳು ಮುದ್ರಿಸುವ ಯಂತ್ರಕ್ಕೆ ಹೋಗುತ್ತಿತ್ತು. ಅಲ್ಲಿ ಪದರದ ಮೇಲೆ ಪದರವಾಗಿ ಮರಳಿನ ಅಚ್ಚು ಏಳುತ್ತಿತ್ತು, ಅದರೊಳಕ್ಕೆ ಕರಗಿದ ಕಬ್ಬಿಣ ಇಳಿಯುತ್ತಿತ್ತು. ನಡುವೆ ಎಲ್ಲೂ ಮನುಷ್ಯನ ಕೈ ತಾಗುವುದಿಲ್ಲ ಎಂದು ಕಂಪನಿ ಗೇಟಿನ ಮೇಲೆಯೇ ಬೋರ್ಡು ಹಾಕಿಕೊಂಡಿತ್ತು.

ತ್ವಷ್ಟಾಗೆ ಬುದ್ಧಿ ಕಲಿಸಿ ಬೆಳೆಸಿದವಳು ಅಕ್ಷತಾ ಬಡಿಗೇರ. ವಯಸ್ಸು ನಲವತ್ತೊಂದು. ಮದುವೆಯಾಗಿರಲಿಲ್ಲ, ಆ ವಿಷಯ ಎತ್ತಿದವರು ಎರಡನೆಯ ಸಲ ಎತ್ತುತ್ತಿರಲಿಲ್ಲ. ಅವಳ ಅಪ್ಪ ಮಾನಪ್ಪ ಅದೇ ಕಂಪನಿಯ ಫೌಂಡ್ರಿಯಲ್ಲಿ ಮೂವತ್ತೆಂಟು ವರ್ಷ ಪ್ಯಾಟರ್ನ್ ಮಾಡಿದವನು. ಪ್ಯಾಟರ್ನ್ ಅಂದರೆ ಎರಕದ ಭಾಗದ ಕಟ್ಟಿಗೆಯ ರೂಪ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಗುಳಿಗೆ ಕಬ್ಬಿಣ ಹೊಯ್ಯುತ್ತಿದ್ದರು. ಮರಳು ಮುದ್ರಿಸುವ ಯಂತ್ರ ಬಂದ ವರ್ಷ ಮಾನಪ್ಪನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಅವನು ತ್ವಷ್ಟಾ ಎಂಬ ಹೆಸರನ್ನು ಒಂದು ದಿನವೂ ಬಾಯಲ್ಲಿ ಆಡಲಿಲ್ಲ. ಮಗಳು ಕೆಲಸಕ್ಕೆ ಹೊರಟಾಗಲೆಲ್ಲ, "ನಿನ್ನ ಹೊಸಾ ಬಡಿಗ್ಯಾ ಹೆಂಗದಾನವಾ? ಬೀಡಿ ಗೀಡಿ ಸೇದ್ತಾನೊ ಇಲ್ಲೊ?" ಎಂದು ಕೇಳುವನು. ತಮಾಷೆಯೇ, ಆದರೆ ಒಳಗೆ ಸಣ್ಣ ಉರಿಯೂ ಇತ್ತು.

ಅಕ್ಷತಾ ಹೆಸರು ಮಾಡಿದ್ದು ನಾಲ್ಕು ವರ್ಷದ ಹಿಂದೆ. ಗುಜರಿಗೆ ಬಂದ ಹಳೆಯ ಟೆಂಪೊಗಳ ಸ್ಟೀರಿಂಗ್ ತೋಳುಗಳನ್ನು ಅವಳು ತರಿಸಿ ನೋಡುತ್ತಿದ್ದಳು. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರವನ್ನು ತಿರುಗಿಸುವುದು ಈ ತೋಳು, ಗೇಣುದ್ದದ ಬಾಗಿದ ಎರಕ. ಪುಸ್ತಕದ ಲೆಕ್ಕದ ಪ್ರಕಾರ ನಮ್ಮ ರಸ್ತೆಗಳಲ್ಲಿ ಎರಡು ಲಕ್ಷ ಕಿಲೋಮೀಟರಿಗೆ ಅದು ಬಿರುಕು ಬಿಡಬೇಕು. ಐದು ಲಕ್ಷ ಓಡಿದ ನೂರಾರು ತೋಳುಗಳಲ್ಲಿ ಒಂದು ಗೀರೂ ಇರಲಿಲ್ಲ. ಅಕ್ಷತಾ ಯೋಚಿಸಿದಳು. ಈ ಸೀಮೆಯ ಮರಳು ಶಾಖ ಬಿಡುವ ರೀತಿಯೇ ಬೇರೆ, ಅದರಿಂದ ಕಬ್ಬಿಣ ಬಿಗಿಯಾಗಿ ಹರಳುಗಟ್ಟುತ್ತದೆ, ಪುಸ್ತಕದ ಗಟ್ಟಿತನ ನೂರಾದರೆ ಇಲ್ಲಿಯದು ನೂರಾ ಹತ್ತೊಂಬತ್ತು ಎಂದು ಪ್ರಬಂಧ ಬರೆದಳು. ಅದಕ್ಕೆ 'ಬೆಳಗಾವಿ ಗುಣಾಂಕ' ಎಂದು ಹೆಸರಾಯಿತು. ಕಂಪನಿ ಸಮಾರಂಭ ಮಾಡಿ ಹಾರ ಹಾಕಿತು. ಮುಂದಿನ ಸಾಲಿನಲ್ಲಿ ಮಾನಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಕೂತಿದ್ದ. ಗುಣಾಂಕವನ್ನು ತ್ವಷ್ಟಾಗೆ ಕಲಿಸಿದ ಮರುದಿನದಿಂದ ಅದು ಎಲ್ಲ ಭಾಗಗಳಲ್ಲೂ ಇನ್ನಷ್ಟು ಮೈಗಳ್ಳರನ್ನು ಕಂಡಿತು.

ಹೊಸ ತೋಳು ರಸ್ತೆಗಿಳಿದು ಹದಿನಾಲ್ಕು ತಿಂಗಳಾಗಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಗೋವಾದ ಸಂತೆಗೆ ತರಕಾರಿ ಒಯ್ಯುತ್ತಿದ್ದ ಟೆಂಪೊ ಚೋರ್ಲಾ ಘಾಟಿನ ತಿರುವಿನಲ್ಲಿ ತಿರುಗಲಿಲ್ಲ. ನೇರ ಹೋಗಿ ಕಣಿವೆಗೆ ಬಿತ್ತು. ಮಾರಲು ಹೊರಟಿದ್ದ ಆರು ಜನ ಹೆಂಗಸರು ಮತ್ತು ಚಾಲಕ ದಸ್ತಗೀರ ಮುಲ್ಲಾ, ಏಳೂ ಜನ ಸತ್ತರು. ಟೆಂಪೊದ ಚಾವಣಿಯ ಮೇಲೆ ಹದಿನಾಲ್ಕು ಚೀಲ ಕೋಸು ಇತ್ತೆಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು. ಅತಿಭಾರ, ಅತಿವೇಗ ಎಂದು ಕಂಪನಿ ಹೇಳಿಕೆ ಕೊಟ್ಟಿತು. ಸತ್ತವನು ಎದ್ದು ಬಂದು ವಾದ ಮಾಡುವುದಿಲ್ಲವಲ್ಲ, ಊರು ಅದನ್ನೇ ನಂಬಿತು.

ಮುರಿದ ತೋಳು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಅಕ್ಷತಾಳ ಮೇಜಿಗೆ ಬಂತು. ಮುರಿದ ಮುಖವನ್ನು ಒರೆಸಿ ದೀಪದ ಕೆಳಗೆ ಹಿಡಿದಳು. ಒಂದೇ ಸಲದ ಭಾರಕ್ಕೆ ಮುರಿದ ಕಬ್ಬಿಣ ಬೆಲ್ಲದಚ್ಚು ಒಡೆದಂತೆ ಒರಟಾಗಿರುತ್ತದೆ. ಇಲ್ಲಿ ಮರದ ಕಾಂಡದೊಳಗಿನ ಉಂಗುರಗಳಂತೆ ಗೆರೆಯ ಪಕ್ಕ ಗೆರೆ ಇತ್ತು. ಅಂದರೆ ಬಿರುಕು ತಿಂಗಳುಗಟ್ಟಲೆ ದಿನಕ್ಕೊಂದು ಕೂದಲೆಳೆಯಷ್ಟು ಬೆಳೆದಿತ್ತು. ಆ ಶುಕ್ರವಾರ ಗಾಡಿಯಲ್ಲಿ ಒಂದು ಕೋಸೂ ಇರದಿದ್ದರೂ ಅದು ಮುರಿಯುತ್ತಿತ್ತು, ಆ ದಿನವಲ್ಲದಿದ್ದರೆ ಆ ವಾರ.

ಅವಳು ಗೋದಾಮಿಗೆ ಹೋಗಿ ಐದು ಲಕ್ಷ ಓಡಿ ಬಂದ ಹಳೆಯ ತೋಳುಗಳಲ್ಲಿ ಹನ್ನೊಂದನ್ನು ತಂದು, ಬಾಗಿದಲ್ಲಿನ ಒಳಮೈಯನ್ನೂ, ಅಂದರೆ ಒಳಬಾಗನ್ನೂ ಬಿಡದೆ ಅಳೆಯುವ ಸ್ಕ್ಯಾನರಿನ ಕೆಳಗಿಟ್ಟಳು. ನಾಲ್ಕು ವರ್ಷದ ಹಿಂದೆಯೇ ಮಾಡಬೇಕಾಗಿದ್ದ ಕೆಲಸ. ಆಗ ಬಿರುಕು ಹುಡುಕಿದ್ದಳೇ ಹೊರತು ದಪ್ಪ ಅಳೆದಿರಲಿಲ್ಲ. ನಕ್ಷೆಯಲ್ಲಿರುವ ದಪ್ಪವೇ ಎರಕದಲ್ಲೂ ಇರುತ್ತದೆ ಎಂದು ನಂಬಿದ್ದಳು. ಕಂಪನಿಯ ತಪಾಸಣೆಯವರೂ ಯಂತ್ರದಲ್ಲಿ ನುಣುಪು ಮಾಡಿದ ಮುಖಗಳನ್ನಷ್ಟೇ ಅಳೆಯುತ್ತಿದ್ದರು, ಒಳಬಾಗಿಗೆ ಅವರ ಅಳತೆಗೋಲು ಹೋಗುತ್ತಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ಒಳಬಾಗಿನಲ್ಲಿ ನಕ್ಷೆಗಿಂತ ಒಂದೂವರೆ ಮಿಲಿಮೀಟರು ದಪ್ಪ. ಎರಕದ ದೋಷ ಹಾಗಿರುವುದಿಲ್ಲ, ದೋಷಕ್ಕೆ ಅಷ್ಟು ಶಿಸ್ತಿಲ್ಲ. ಇದು ಯಾರದೋ ಕೈ. ಯಾರ ಕೈ ಎಂದು ಕೇಳಿಕೊಳ್ಳುವ ಅಗತ್ಯವೂ ಅವಳಿಗೆ ಬೀಳಲಿಲ್ಲ.

ಸಂಜೆ ಮನೆಗೆ ಬಂದಾಗ ಮಾನಪ್ಪ ಪಡಸಾಲೆಯಲ್ಲಿ ಪೇಪರು ಹಾಸಿಕೊಂಡು ಮೆಂತ್ಯೆಸೊಪ್ಪು ಸೋಸುತ್ತಿದ್ದ. ಅಕ್ಷತಾ ಚೀಲದಿಂದ ಹಳೆಯ ತೋಳೊಂದನ್ನು ತೆಗೆದು ಅವನ ಮುಂದಿಟ್ಟಳು. ಅವನ ಹೆಬ್ಬೆರಳು ಹುಡುಕಾಡದೆ ನೇರವಾಗಿ ಒಳಬಾಗಿಗೆ ಹೋಯಿತು. ಮುಖ ಅರಳಿತು.

"ಇದು ನಂದು."

"ಹೆಂಗ ಗೊತ್ತಾತಪ್ಪಾ?"

"ನನ್ನ ಕೈ ನನಗ ಗೊತ್ತಾಗೂದಿಲ್ಲೇನು? ಇಲ್ಲೆ ಮುಟ್ಟಿ ನೋಡು. ಅರ್ಧಾ ನೂಲು ಹೆಚ್ಚಿಗಿ ಐತಿ." ಬಡಗಿಯ ಲೆಕ್ಕದಲ್ಲಿ ಒಂದು ಇಂಚಿಗೆ ಎಂಟು ನೂಲು. "ನಮ್ಮ ಗುರು ಈರಪ್ಪಜ್ಜ ಹೇಳಿಕೊಟ್ಟಿದ್ದ. ನಕ್ಷಾ ಸಾಹೇಬರದು, ಅರ್ಧಾ ನೂಲು ನಮ್ದು. ಎಲ್ಲಿ ಮುರೀತೈತಿ ಅಂತ ಕೈಗೆ ಅನಸ್ತೈತೊ ಅಲ್ಲೆ ಅಷ್ಟ ಬಿಡಬೇಕು. ಯಾರ ಮುಂದೂ ಹೇಳಬಾರದು. ಹೇಳಿದ್ರ ಅದಕ್ಕೊಂದ ಹೆಸರ ಬರ್ತೈತಿ, ಹೆಸರ ಬಂತಂದ್ರ ಕಿತ್ತ ಒಗೀತಾರ."

"ನೀ ಒಬ್ಬನಽ ಮಾಡ್ತಿದ್ದೇನು?"

"ಎಲ್ಲಾರೂ ಮಾಡ್ತಿದ್ವಿ. ತೋಳಿಗೆ, ಬ್ರೇಕಿಗೆ, ಎಲ್ಲಾದಕ್ಕೂ. ರಸ್ತಾದ ಮ್ಯಾಲೆ ಹೋಗಾವ್ರು ಯಾರದರೆ ಮಕ್ಕಳಲ್ಲೇನು?"

ಮಗಳು ಹೊಗಳಲು ಬಂದಿದ್ದಾಳೆ ಎಂದು ಅವನು ತಿಳಿದಿದ್ದ. ಅಕ್ಷತಾ ಅವನೆದುರು ನೆಲಕ್ಕೆ ಕೂತು ಹೇಳಿದಳು. ಆ ಅರ್ಧ ನೂಲಿನಿಂದಾಗಿ ತೋಳುಗಳು ಮುರಿಯಲಿಲ್ಲ. ಮುರಿಯದ್ದನ್ನು ನೋಡಿ ತಾನು ಕಬ್ಬಿಣವೇ ಗಟ್ಟಿ ಎಂದುಕೊಂಡೆ. ಗಟ್ಟಿ ಎಂದು ನಂಬಿದ ತ್ವಷ್ಟಾ ಇನ್ನಷ್ಟು ಕಬ್ಬಿಣ ತೆಗೆಯಿತು. ಈಗಿನ ತೋಳಿನಲ್ಲಿ ಅವನ ಅರ್ಧ ನೂಲೂ ಇಲ್ಲ, ಕಬ್ಬಿಣಕ್ಕೆ ಆ ಗಟ್ಟಿತನವೂ ಇಲ್ಲ. ಹೇಳಿ ಮುಗಿಸುವಷ್ಟರಲ್ಲಿ ಮಾನಪ್ಪನ ಕೈ ಮೆಂತ್ಯೆಯ ಮೇಲೆ ನಿಂತುಬಿಟ್ಟಿತ್ತು.

"ಘಾಟಿನ್ಯಾಗ ಬಿದ್ದದ್ದು?" ಎಂದ.

"ಅದಽ."

ಅವಳಿಗೆ ಇನ್ನೊಂದು ಮಾತು ಕೇಳುವುದಿತ್ತು. ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು, ಆದರೂ ಕೇಳಿದಳು.

"ನನಗ ಹಾರ ಹಾಕಿದ ದಿವಸ ನೀ ಮುಂದಽ ಕುಂತಿದ್ದಿ. ನಮ್ಮ ಕಬ್ಬಿಣ ಯಾಕ ಮುರೀವಲ್ದು ಅಂತ ನಾ ಭಾಷಣಾ ಮಾಡಿದ್ನೆಲಾ. ಆವಾಗ ನಿನಗ ಗೊತ್ತಾಗಲಿಲ್ಲೇನು?"

ಮಾನಪ್ಪ ತಲೆ ಎತ್ತಲಿಲ್ಲ. "ಗೊತ್ತಾತು," ಎಂದ. "ಅಷ್ಟ ಮಂದ್ಯಾಗ ನಿನಗ ಹಾರಾ ಹಾಕಾಕತ್ತಿದ್ರು. ಎದ್ದ ನಿಂತು, ಅದು ಮರಳಲ್ಲವ್ವಾ, ನನ್ನ ಅರ್ಧಾ ನೂಲು ಅಂತ ಹೇಳ್ಲೇನು? ನಗಿ ಬಂತು ನನಗ. ಇರ್ಲಿ, ಅಪ್ಪನ ಕೆಲಸಾ ಮಗಳಿಗೆ ಹಾರ ತಂತು ಅಂತ ಖುಷಿ ಆತು. ಗಟ್ಟಿ ಐತಿ ಅಂದ್ರ ಗಟ್ಟೀನಽ ಇರ್ಲಿ ಅಂತ ಬಿಡ್ತಾರ ಅಂತ ತಿಳಿದಿದ್ದೆ. ಅದನ್ನಽ ನೆವಾ ಮಾಡಿ ಕಡಿಮಿ ಮಾಡ್ತೀರಿ ಅಂತ ನನಗೆಲ್ಲಿ ತಿಳೀಬೇಕು?"

ಅಕ್ಷತಾಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅದರ ಬೆನ್ನಿಗೇ ತನ್ನ ಮೇಲೆ ಅದಕ್ಕಿಂತ ದೊಡ್ಡ ಸಿಟ್ಟು ಬಂತು. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮ್ಯಾನೇಜರ್ ಅನಗೋಳಕರರ ಎದುರು ಎಲ್ಲವನ್ನೂ ಇಟ್ಟಳು. ಅವರು ಕೆಟ್ಟ ಮನುಷ್ಯರಲ್ಲ, ಕೆಟ್ಟ ಸುದ್ದಿಯನ್ನು ತಡವಾಗಿ ಓದುವ ಅಭ್ಯಾಸದವರು. ಕಿಟಕಿಯ ಕಡೆ ಮುಖ ಮಾಡಿ ಕೇಳಿದರು.

"ಆ ತೋಳ ಹಾಕಿದ ಗಾಡಿ ಎಷ್ಟ ಅದಾವು?"

"ಅರವತ್ತೆರಡ ಸಾವಿರರಿ ಸರ್. ಇವತ್ತಽ ನಿಲ್ಲಸ್ಬೇಕು."

ಆ ಕಾಲದ ಗಾಡಿಗಳನ್ನು ದೂರದಿಂದಲೇ ನಿಲ್ಲಿಸಬಹುದಿತ್ತು. ತಯಾರಿಸಿದ ಕಂಪನಿ ತಡೆ ಅರ್ಜಿ ಹಾಕಿದರೆ ಒಂದು ಗಂಟೆಯೊಳಗೆ ಸಂದೇಶ ಹೋಗುತ್ತಿತ್ತು. ಒಮ್ಮೆ ಆರಿಸಿದ ಗಾಡಿ ಮತ್ತೆ ಶುರುವಾಗುತ್ತಿರಲಿಲ್ಲ. ಆದರೆ ಅರ್ಜಿಗೂ ಕಟ್ಟಳೆಗಳಿದ್ದವು. ಅನಗೋಳಕರರು ಪರದೆಯನ್ನು ಅವಳ ಕಡೆ ತಿರುಗಿಸಿದರು.

"ಕಾರಣ ಬರೀಬೇಕು ನೋಡ್ರಿ. ಲೆಕ್ಕದ ತಪ್ಪು, ಗುಣಾಂಕದ ತಪ್ಪು ಅಂತ ಬರದ್ರಿ ಅಂದ್ರ ಅದು ತಜ್ಞರ ಸಮಿತಿಗೆ ಹೋಗ್ತೈತಿ. ಗುಣಾಂಕಕ್ಕ ಸಮಿತಿನಽ ಒಪ್ಪಿಗಿ ಕೊಟ್ಟೈತಿ. ಅವರು ತಮ್ಮ ತಪ್ಪ ತಾವು ವಿಚಾರಣಾ ಮಾಡಬೇಕಲ್ಲ, ತೊಂಬತ್ತ ದಿವಸ. ಅಲ್ಲೀತನಾ ಗಾಡಿ ಓಡ್ತಾವ. ಗಂಟೇದಾಗ ನಿಂದರೂದು ಒಂದಽ ಕಾರಣಕ್ಕ. ಕಾರ್ಮಿಕ ನಕ್ಷಾ ಬಿಟ್ಟ ಅಳತಿ ಬದಲ ಮಾಡ್ಯಾನ ಅಂತ ಇರಬೇಕು. ಹೆಸರ ಬೇಕು, ಸಹಿ ಬೇಕು. ಯಾವಾಗ ಮಾಡಿದ, ಈಗ ಕೆಲಸದಾಗ ಅದಾನೋ ಇಲ್ಲೋ ಅಂತ ಯಾರೂ ಕೇಳೂದಿಲ್ಲ."

"ಅದು ನಮ್ಮಪ್ಪರಿ."

"ಗೊತ್ತೈತ್ರಿ. ಅದಕ್ಕಽ ನಾ ಬರೀರಿ ಅನ್ನಾಕತ್ತಿಲ್ಲ."

ಅಕ್ಷತಾ ತ್ವಷ್ಟಾವನ್ನು ಕೇಳಿದಳು: ಗುಣಾಂಕ ಸುಳ್ಳಾಗಿದ್ದರೆ ಮುಂದಿನ ತೊಂಬತ್ತು ದಿನಗಳಲ್ಲಿ ಎಷ್ಟು ತೋಳು ಮುರಿದಾವು? ಉತ್ತರಕ್ಕೆ ಅದು ಉಸಿರೆಳೆಯುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಒಂಬತ್ತರಿಂದ ಹದಿನಾಲ್ಕು. ಯಾವ ಗಾಡಿ, ಯಾವ ರಸ್ತೆ ಎಂದು ಹೇಳಲು ಮಾತ್ರ ಅದಕ್ಕೆ ಬರುತ್ತಿರಲಿಲ್ಲ.

"ನನ್ನ ಮಗಳು ಹೋಗೂ ಸ್ಕೂಲ್ ವ್ಯಾನಿಗೂ ಅದಽ ತೋಳ ಐತಿ," ಎಂದರು ಅನಗೋಳಕರರು ಮೆಲ್ಲಗೆ. "ನಾಕ ದಿವಸಾತು, ನಾನಽ ನಡಸ್ಕೊಂಡ ಹೋಗಿ ಬಿಟ್ಟ ಬರಾಕತ್ತೇನಿ."

ಅಕ್ಷತಾ ಅವರ ಮುಖ ನೋಡಿದಳು. ಮುರಿದ ತೋಳು ತನಗಿಂತ ಮೊದಲು ಇವರ ಕೈ ಸೇರಿತ್ತು, ನಾಲ್ಕು ದಿನದಿಂದ ಈ ಮನುಷ್ಯನಿಗೆ ಗೊತ್ತಿದೆ. ಬೇರೆಯವರ ಮಕ್ಕಳು ಅದೇ ವ್ಯಾನಿನಲ್ಲಿ ಹೋಗುತ್ತಿದ್ದಾರೆ.

ಮಧ್ಯಾಹ್ನ ಮನೆಗೆ ಬಂದು ಅಪ್ಪನಿಗೆ ಹೇಳಿದಾಗ ಅವನು ವಿಚಾರ ಮಾಡಲೂ ಹೋಗಲಿಲ್ಲ, ಅಂಗಿ ಹುಡುಕತೊಡಗಿದ.

"ಅಪ್ಪಾ, ಮುರದದ್ದು ನಿನ್ನ ತೋಳಲ್ಲ. ನಿನ್ನುವು ಒಂದೂ ಮುರದಿಲ್ಲ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ ಆಗ್ತೈತಿ. ತಪ್ಪ ಲೆಕ್ಕಾ ಹಾಕಿದಾಕಿ ನಾನು."

"ನಿನ್ನ ಹೆಸರ ಬರದ್ರ ಗಾಡಿ ನಿಲ್ತಾವೇನು?"

"ಇಲ್ಲ."

"ನನ್ನ ಹೆಸರ ಬರದ್ರ ನಿಲ್ತಾವಲಾ. ಮತ್ತ ಏನ ಕೇಳ್ತೀ. ಬರಿ ನನ್ನವ್ವಾ." ಗುಂಡಿ ಹಾಕಿಕೊಳ್ಳುತ್ತ ಮತ್ತೆ ಹೇಳಿದ. "ಇನ್ನೊಂದ ಮಾತು. ನೀ ಎಲ್ಲಿಯೂ ತಪ್ಪ ನನ್ನ ಲೆಕ್ಕದ್ದು ಅಂತ ಬಾಯಿ ಬಿಡಬ್ಯಾಡ. ನಿನ್ನ ಅಲ್ಲಿಂದ ತಗದ್ರ ಉಳಿದ ಬ್ರೇಕು ಗೀಕು ಸರಿ ಮಾಡಾವ್ರು ಯಾರು? ಆ ಹೊಸಾ ಬಡಿಗ್ಯಾಗ ತುಂಬೂದು ಕಲಿಸಿಲ್ಲ ನೀವು, ತಗಿಯೂದಷ್ಟಽ ಕಲಿಸೀರಿ. ಎಲ್ಲಾದಕ್ಕೂ ಕಬ್ಬಿಣ ತಿರುಗಿ ತುಂಬಿದ ಮ್ಯಾಲೆ ನಿನಗೇನ ಹೇಳೂದೈತಿ ಹೇಳು. ನನ್ನ ಮ್ಯಾಲೆ ಆಣಿ ಐತಿ."

ಮೂರು ಗಂಟೆಗೆ ಕಂಟ್ರೋಲ್ ರೂಮಿನಲ್ಲಿ ಮಾನಪ್ಪ ತಾನು ಹೆಸರು ಹಿಡಿದು ಕರೆಯದ ಕಂಪ್ಯೂಟರಿನ ಎದುರು ಕೂತ. ಅಕ್ಷತಾ ಟೈಪು ಮಾಡಿದಳು. 'ಕಾರ್ಮಿಕ ಮಾನಪ್ಪ ಬಡಿಗೇರ ನಕ್ಷೆಗೆ ವಿರುದ್ಧವಾಗಿ ಅಳತೆ ಬದಲಿಸಿದ್ದರಿಂದ ತೋಳಿನ ಸುರಕ್ಷತೆ ಕೆಟ್ಟಿದೆ.' ಒಂದೊಂದು ಪದವೂ ನಿಜ, ವಾಕ್ಯ ಮಾತ್ರ ಸುಳ್ಳು. ಮಾನಪ್ಪ ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರ ಓದಿ, ಬೆರಳಿನಿಂದ ಗಾಜಿನ ಮೇಲೆ ತನ್ನ ಹೆಸರು ಬರೆದ.

ಆಮೇಲೆ ಅವಳು ಗುಣಾಂಕವನ್ನು ಅಳಿಸಿದಳು. ನೂರಾ ಹತ್ತೊಂಬತ್ತು ಹೋಗಿ ನೂರಾಯಿತು. ಗೋಡೆಯಗಲದ ಪರದೆಯಲ್ಲಿ ಸ್ಟೀರಿಂಗ್ ತೋಳು ಕೆಂಪಾಯಿತು. ಅದರ ಪಕ್ಕ ಬ್ರೇಕಿನ ತೋಳು ಕೆಂಪಾಯಿತು, ಆಕ್ಸಲಿನ ಹಿಡಿ, ಸ್ಪ್ರಿಂಗಿನ ಕೊಂಡಿ, ಅದರ ಹಿಂದೆ ಇನ್ನೊಂದು, ಮತ್ತೊಂದು. ನಾಲ್ಕು ವರ್ಷದಲ್ಲಿ ಆ ಗುಣಾಂಕ ನಂಬಿ ಹಗುರ ಮಾಡಿದ ಭಾಗಗಳೆಲ್ಲ ಅಲ್ಲಿದ್ದವು, ಇನ್ನೂರಾ ಹದಿಮೂರು. ಅವುಗಳನ್ನು ಹಾಕಿಕೊಂಡು ರಸ್ತೆಯಲ್ಲಿರುವ ಗಾಡಿಗಳೆಷ್ಟು ಎಂದು ಅನಗೋಳಕರರು ಈ ಸಲ ಕೇಳಲಿಲ್ಲ. ಮಾನಪ್ಪ ಆ ಕೆಂಪನ್ನು ನೋಡುತ್ತ, "ಎಲ್ಲಾರೂ ಮಾಡ್ತಿದ್ವಿ ಅಂತ ಹೇಳಿದ್ನೆಲವಾ," ಎಂದ. ಅಕ್ಷತಾ ಇನ್ನೂರಾ ಹದಿಮೂರನ್ನೂ ಅದೇ ಅರ್ಜಿಗೆ, ಅದೇ ಸಹಿಯ ಮೇಲೆ ಸೇರಿಸಿ ಕಳಿಸಿದಳು.

ಮರುದಿನ ಬೆಳಗಾವಿ ನಡೆದುಕೊಂಡು ಕೆಲಸಕ್ಕೆ ಹೋಯಿತು. ಹಾಲು ಹತ್ತು ಗಂಟೆಗೆ ಬಂತು, ಅದೂ ಸೈಕಲ್ ಮೇಲೆ. ಡಯಾಲಿಸಿಸ್‌ಗೆ ಹೋಗಬೇಕಾದವರನ್ನು ಕೈಗಾಡಿಯಲ್ಲಿ ನೂಕಿಕೊಂಡು ಹೋದರು. ಸಂಜೆಯ ಹೊತ್ತಿಗೆ ಎಲ್ಲರ ಫೋನಿನಲ್ಲೂ ಮಾನಪ್ಪನ ಫೋಟೊ ಇತ್ತು. ಶಾಲು ಹೊದಿಸಿದ ದಿನದ ಫೋಟೊ. 'ಬಡಗಿಯ ಹುಚ್ಚಾಟಕ್ಕೆ ಏಳು ಬಲಿ' ಎಂದು ಅದರ ಕೆಳಗೆ ಬರೆದಿದ್ದರು. ಪೊಲೀಸರು ಬಂದು ವಯಸ್ಸು ನೋಡಿ, ಊರು ಬಿಡಬೇಡ ಎಂದು ಹೇಳಿ ಹೋದರು. ಅವನ ಜೊತೆ ಅರ್ಧ ನೂಲು ಬಿಟ್ಟ ಹಳೆಯ ಗೆಳೆಯರಲ್ಲಿ ಒಬ್ಬರೂ ಫೋನು ಮಾಡಲಿಲ್ಲ. ಹೆದರಿದ್ದರು, ಹೆದರಲೇಬೇಕು.

ಮೂರನೆಯ ದಿನ ಬುರ್ಖಾ ತೊಟ್ಟ ಹೆಂಗಸೊಬ್ಬಳು ಮುಖ ತೆರೆದುಕೊಂಡು ಬಾಗಿಲಿಗೆ ಬಂದು ನಿಂತಳು. ಎಂಟು ಮೈಲಿ ನಡೆದು ಬಂದ ಧೂಳು ಕಾಲಿನ ಮೇಲಿತ್ತು.

"ಮಾನಪ್ಪ ಅನ್ನಾವ್ರು ನೀವಽ ಏನ್ರಿ? ನಾ ಹುಸೇನಬಿ. ಘಾಟಿನ್ಯಾಗ ಸತ್ತ ಡ್ರೈವರನ ಮನಿಯಾಕಿ."

ಮಾನಪ್ಪ ಎದ್ದು ನಿಂತ. ಅಕ್ಷತಾ ಅಡುಗೆಮನೆಯ ಬಾಗಿಲಿನಲ್ಲಿ ನಿಂತಳು.

"ಬೈಯಾಕ ಬಂದಿಲ್ರಿ ನಾ," ಎಂದಳು ಹುಸೇನಬಿ. "ಅವರು ತೀರಿಕೊಂಡಾಗಿಂದ ನಮ್ಮ ಓಣ್ಯಾಗ ಒಬ್ರೂ ನನ್ನ ಮಾತಾಡ್ಸಿಲ್ಲ. ಸತ್ತ ಆರೂ ಹೆಣ್ಮಕ್ಕಳು ನಮ್ಮ ಓಣಿಯವ್ರಽ. ನಿನ್ನ ಗಂಡಽ ಕೊಂದ ಅಂತಾರ. ನನ್ನ ಮಗಳಿಗೆ ನೀರ ತುಂಬಾಕ ಬಿಡೂದಿಲ್ಲ. ಅವರ ತಪ್ಪಿಲ್ಲ ಅಂತ ಪೇಪರಿನ್ಯಾಗ ಬಂದೈತಂತ. ನಿಮ್ಮ ಬಾಯ್ಲೆ ಕೇಳಬೇಕಂತ ಬಂದೇನಿ."

"ಅವಂದೇನೂ ತಪ್ಪಿಲ್ಲವ್ವಾ. ಅವನ ಜಾಗಾದಾಗ ಯಾರಿದ್ರೂ ಗಾಡಿ ತಿರಗ್ತಿರಲಿಲ್ಲ."

"ಹಂಗಾರ ತಪ್ಪ ಯಾರದ್ರಿ?"

"ನಂದು."

"ಯಾಕ ಮಾಡಿದ್ರಿ?"

"ಛಲೋ ಆಗ್ಲಿ ಅಂತ ಮಾಡಿದ್ದೆ," ಎಂದ.

ಅಕ್ಷತಾ ಬಾಯಿ ತೆರೆದಳು. ಮಾನಪ್ಪ ಅವಳ ಕಡೆ ನೋಡಿದ. ಒಳಗೆ ಮೇಜಿನ ಮೇಲೆ ಇನ್ನೂರಾ ಹದಿಮೂರು ಭಾಗಗಳ ಪಟ್ಟಿ ಇತ್ತು; ಅದರಲ್ಲಿ ಅವಳು ಮೂರನ್ನು ಸರಿ ಮಾಡಿದ್ದಳು. ತೆರೆದ ಬಾಯಿ ಮುಚ್ಚಿಕೊಂಡಳು.

"ನಾಳೆ ಆ ಆರೂ ಮನಿಯವ್ರನ್ನ ಕರ್ಕೊಂಡ ಬರ್ತೇನ್ರಿ," ಎಂದಳು ಹುಸೇನಬಿ. "ನನ್ನ ಮಾತ ಅವರು ನಂಬೂದಿಲ್ಲ. ಅವರ ಮುಂದನೂ ಹಿಂಗಽ ಹೇಳ್ತೀರೇನು?"

"ಕರ್ಕೊಂಡ ಬಾರವ್ವಾ. ಹೇಳ್ತೇನಿ."

ಅವರು ಬಂದರು. ಗಾಡಿಗಳಿಲ್ಲದ ರಸ್ತೆಯಲ್ಲಿ ಬೆಳಗಿನಿಂದ ನಡೆದು, ಒಂದು ಮನೆಯವರ ಹಿಂದೆ ಇನ್ನೊಂದು ಮನೆಯವರು ಬಂದರು. ಕೆಲವರು ಅತ್ತರು, ಒಬ್ಬ ಮುದುಕ ಕೈ ಎತ್ತಿ ಹೊಡೆಯಹೋದ, ಹುಸೇನಬಿ ಅವನ ಕೈ ಹಿಡಿದಳು. ಪ್ರತಿ ಮನೆಯವರೂ ತಪ್ಪು ಯಾರದು ಎಂದು ಕೇಳಿದರು, ಪ್ರತಿ ಸಲವೂ ಮಾನಪ್ಪ 'ನಂದು' ಎಂದ. ಒಳಗೆ ಅಕ್ಷತಾ ಪರದೆಯ ಮೇಲಿನ ನಕ್ಷೆಯಲ್ಲಿ ಬ್ರೇಕಿನ ತೋಳಿನ ಒಳಬಾಗಿಗೆ ಕಬ್ಬಿಣ ತುಂಬುತ್ತಿದ್ದಳು. ಆರು ಸಲವೂ ಅವಳಿಗೆ ಅದು ಕೇಳಿಸಿತು. ಆರು ಸಲವೂ ಅವಳು ಎದ್ದು ಹೊರಗೆ ಹೋಗಲಿಲ್ಲ.